ಆಕೆಯ ಗಾಳದ ಕೋಲು

ಹೊಟ್ಟೆಕಿಚ್ಚು ಪಡುವುದಕ್ಕೂ ಸರಿಯಾದ ಒಬ್ಬರು ಸಿಗಬೇಕು. ನನಗೆ ಒಬ್ಬಳು ಸಿಕ್ಕಿದ್ದಳು. ಯಾದಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕೆಲವು ವರ್ಷ ಇದ್ದು ಹೋದವಳು. ಕಳೆದ ತಿಂಗಳು ಆಕೆಯ ಮಗಳು ನಮ್ಮ ಮನೆ ಹುಡುಕಿಕೊಂಡು ಬಂದು, ಅವ್ವ ತೀರಿಕೊಂಡಳೆಂದು ಹೇಳಿದಳು. ಅಂದಿನಿಂದ ನನಗೆ ಯಾವ ಕೆಲಸದಲ್ಲೂ ಮನಸ್ಸಿಲ್ಲ. ಗೆಳತಿ ಸತ್ತರೆ ಅಳುವುದು ಗೊತ್ತು. ಹೊಟ್ಟೆ ಉರಿಸಿದವಳು ಸತ್ತರೆ ಏನು ಮಾಡಬೇಕೆಂದು ನಮ್ಮಲ್ಲಿ ಯಾರೂ ಹೇಳಿಕೊಟ್ಟಿಲ್ಲ.

ಹೆಸರು ಹೇಳುವುದಿಲ್ಲ. ಬದುಕಿದ್ದಾಗಲೂ ನಾನು ಆಕೆಯನ್ನು ಹೆಸರು ಹಿಡಿದು ಕರೆದವಳಲ್ಲ. ಎದುರಿಗೆ ‘ಅಕ್ಕಾ’ ಅನ್ನುತ್ತಿದ್ದೆ. ಮನಸ್ಸಿನೊಳಗೆ ಅನ್ನುತ್ತಿದ್ದುದನ್ನು ಕಾಗದದ ಮೇಲೆ ಇಡುವಂತಿಲ್ಲ.

ಆಗ ಸರಕಾರ ಬದಲಾದ ಹೊಸತು. ನಿಜಾಮನ ಕಾಲದ ಶುಕ್ರವಾರದ ಸೂಟಿ ಹೋಗಿ ಐತವಾರದ ಸೂಟಿ ಬಂದಿತ್ತು. ಊರಿನ ನೌಕರದಾರ ಮಂದಿಗೆ ಆ ಐತವಾರವನ್ನು ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ನನ್ನ ಗಂಡ ಸಾಲೆಯ ಮಾಸ್ತರರು. ಎಷ್ಟೋ ಐತವಾರ ಬೆಳಿಗ್ಗೆ ಸ್ನಾನ ಮಾಡಿ ಟೋಪಿ ಹಾಕಿಕೊಂಡು ಸಾಲೆಗೆ ಹೊರಟು, ಓಣಿಯ ತಿರುವಿನ ತನಕ ಹೋಗಿ, ನೆನಪಾಗಿ ಹಿಂದಿರುಗುತ್ತಿದ್ದರು. ಬಂದವರು ಕನ್ನಡ ಪುಸ್ತಕ ಹಿಡಿದು ಕೂತುಬಿಡುತ್ತಿದ್ದರು. ಉರ್ದುವಿನಲ್ಲಿ ಕಲಿತು ಉರ್ದುವಿನಲ್ಲೇ ಕಲಿಸಿದವರು ಈಗ ಲೆಕ್ಕ, ಭೂಗೋಳ ಎಲ್ಲವನ್ನೂ ಕನ್ನಡದಲ್ಲಿ ಹೇಳಬೇಕಿತ್ತು. ಮನೆಮಾತು ಕನ್ನಡವೇ, ಆದರೆ ಪುಸ್ತಕದ ಕನ್ನಡ ಅವರಿಗೆ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಐತವಾರವೆಂದರೆ ಮಕ್ಕಳು ಪಿಟ್ಟೆನ್ನದೆ ಕೂರುವ ದಿನ.

ಅಂಥ ಒಂದು ಐತವಾರ ಪಕ್ಕದ ಮನೆಯ ಬಾಗಿಲು ತೆರೆಯಿತು. ಅವರು ಬಂದು ನಾಲ್ಕು ದಿನವಾಗಿತ್ತಷ್ಟೆ. ಆಕೆಯ ಗಂಡ ತಹಸೀಲ ಕಚೇರಿಯಲ್ಲಿ ಕಾರಕೂನ, ದಪ್ಪ ಚಶ್ಮಾದ ಸಣ್ಣ ಆಳು. ಅವನ ಹೆಗಲ ಮೇಲೆ ಮಗಳು, ಕೈಯಲ್ಲಿ ರೊಟ್ಟಿಬುತ್ತಿ. ಆಕೆಯ ಕೈಯಲ್ಲಿ ಗಾಳದ ಕೋಲು. ನಮ್ಮ ಓಣಿಯಲ್ಲಿ ಗಂಡಸರು ಮುಂದೆ ನಡೆದರೆ ಹೆಂಗಸರು ಹತ್ತು ಮಾರು ಹಿಂದೆ. ಇವರಿಬ್ಬರೂ ಜೋಡಿಯಾಗಿ, ಮಾತಾಡಿಕೊಂಡು, ನಗಾಡಿಕೊಂಡು ಭೀಮಾ ಹೊಳೆಯ ದಾರಿ ಹಿಡಿದರು. ಎಲ್ಲಿಗೆ ಹೊರಟಿದ್ದೀರೆಂದು ಯಾರೋ ಕೇಳಿದ್ದಕ್ಕೆ ಗಂಡ ನಿಂತು, ಹೆಮ್ಮೆಯಿಂದಲೇ ಹೇಳಿದ: “ನಮ್ಮ ಮನಿಯಾಕಿಗೆ ಮೀನ ಹಿಡಿಯೋ ಶೌಕ ಅದರಿ.”

ಶೌಕ. ಆ ಒಂದು ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು.

ಯಾಕೆಂದು ಹೇಳಬೇಕು. ನನ್ನ ತವರು ಅದೇ ಭೀಮೆಯ ದಂಡೆಯ ಮೇಲಿನ ಹಳ್ಳಿ. ನನ್ನ ಅಪ್ಪ ಬಲೆ ಬೀಸಿ ನಮ್ಮನ್ನು ಬೆಳೆಸಿದವನು. ನಮ್ಮ ಮನೆಯಲ್ಲಿ ಮೀನೆಂದರೆ ಹೊಟ್ಟೆಪಾಡು. ಅವ್ವ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ ಸೊಂಟ ಹೋಗಿ ಸತ್ತಳು. ಅಷ್ಟಾದರೂ ಹೆಣ್ಣುಮಕ್ಕಳಿಗೆ ಹೊಳೆಯಲ್ಲಿ ಪಾಲಿರಲಿಲ್ಲ. ಬಲೆ ದಾಟಬಾರದು, ಹರಗೋಲಿಗೆ ಕಾಲಿಡಬಾರದು, ದಾಟಿದರೆ ಬಲೆಗೆ ಮೀನು ಬೀಳುವುದಿಲ್ಲವೆಂದು ನಂಬಿಕೆ. ಒಣಗಲು ಹರವಿದ ಬಲೆಯನ್ನು ನಾನು ಸಣ್ಣವಳಿದ್ದಾಗ ಅರಿಯದೆ ಒಮ್ಮೆ ದಾಟಿದೆ. ಅಪ್ಪ ಹೊಡೆಯಲಿಲ್ಲ. ಆದರೆ ಬಲೆಯನ್ನೆಲ್ಲ ಮತ್ತೆ ಹೊಳೆಯಲ್ಲಿ ಅದ್ದಿ, ಕೈಮುಗಿದು, ಒಣಹಾಕಿದ. ನನಗೆ ಹೊಡೆದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ನನ್ನ ಗಂಡನೂ ಅಂಥದೇ ಮನೆಯವರು, ನಾಲ್ಕು ಅಕ್ಷರ ಕಲಿತು ನೌಕರಿ ಹಿಡಿದವರಲ್ಲಿ ಮೊದಲಿಗರು. ಹೊಳೆಯ ವಾಸನೆಯನ್ನು ತೊಳೆದು ತೊಳೆದು ತೆಗೆದವರು. ಮದುವೆಯಾದ ಹೊಸದರಲ್ಲೇ, ಮಾಸ್ತರ ಮನೆಯವರು ಹೊಳೆದಂಡೆಗೆ ಹೋಗಿ ಕೂತರೆ ಮಂದಿ ಏನಂದಾರು ಎಂದು ಕೇಳಿ ಮುಗಿಸಿದ್ದರು. ಅಪ್ಪನೂ ಅಳಿಯನ ಮರ್ಯಾದೆಗೆ ಅಂಜಿ ಬಾಗಿಲ ಹೊರಗೇ ನಿಲ್ಲುತ್ತಿದ್ದ. ಸಂತೆಯ ದಿನ ಮೀನು ಮಾರಲು ಊರಿಗೆ ಬಂದರೆ ನನಗೊಂದಿಷ್ಟು ಎಲೆಯಲ್ಲಿ ಕಟ್ಟಿ ಕೊಟ್ಟು, ತೋಯ್ದ ಧೋತರ ತೋರಿಸಿ, ಒಳಗೆ ಬರುವುದಿಲ್ಲ ಅನ್ನುತ್ತಿದ್ದ. ಮದುವೆಯಾದ ಮೇಲೆ ನನ್ನನ್ನು ‘ಮಾಸ್ತರ ಹೇಣ್ತಿ’ ಅಂತಲೇ ಕರೆಯುತ್ತಿದ್ದ. ಚಾಷ್ಟಿಗೆ ಕರೆಯುತ್ತಾನೆಂದು ಮೊದಲು ನಗುತ್ತಿದ್ದೆ. ಆಮೇಲಾಮೇಲೆ ನಗು ಬರಲಿಲ್ಲ.

ಹೀಗೆ ನನಗೆ ಬೇಡವೆಂದು ಮುಚ್ಚಿದ್ದ ಹೊಳೆಗೆ ಆಕೆ ಕೋಲು ಹಿಡಿದು ಶೌಕಕ್ಕೆ ಹೋಗುವವಳು. ಉರಿಯದೆ ಏನು ಮಾಡಲಿ?

ಆಕೆ ಗುರುಮಠಕಲ್ ಕಡೆಯವಳು. ಸಣ್ಣವಳಿದ್ದಾಗ ಊರಕೆರೆಯಲ್ಲಿ ಅಣ್ಣಂದಿರ ಜೊತೆ ಗಾಳ ಹಾಕಿ ಕಲಿತದ್ದಂತೆ. ಗಂಡನಿಗೆ ಬದಲಿಯಾದ ಊರುಗಳನ್ನೆಲ್ಲ ಆಕೆ ನೀರಿನಿಂದಲೇ ಗುರುತು ಹಿಡಿಯುತ್ತಿದ್ದಳು. ಸುರಪುರದಲ್ಲಿ ಮನೆ ಹೇಗಿತ್ತು ಎಂದು ಕೇಳಿದರೆ ಕೆರೆಯ ಸುದ್ದಿ ಹೇಳುವಳು. ಶಹಾಪುರ ಹೇಗೆ ಎಂದರೆ, ಅಲ್ಲಿಯ ಕೆರೆಯ ಮೀನು ಭಾಳ ಶಾಣ್ಯಾ ಎಂದು ನಗುವಳು. ಕೆಂಭಾವಿಯಲ್ಲಿ ಇದ್ದದ್ದು ಒಂದೇ ಬೇಸಿಗೆ, ಬಾವಿಯ ನೀರೂ ತಳ ಕಂಡಿತ್ತಂತೆ, ಆ ಊರಿನ ಬಗ್ಗೆ ಆಕೆಗೆ ಹೇಳಲು ಏನೂ ಇರಲಿಲ್ಲ. ಸಂತೆ ಚೆನ್ನಾಗಿತ್ತಲ್ಲ ಎಂದು ಗಂಡ ನೆನಪಿಸಿದರೆ, ಹೌದೇನು ಎಂದು ಕೇಳುತ್ತಿದ್ದಳು.

ಚೆಲುವೆಯಲ್ಲ. ಉದ್ದನೆಯ ಆಳು, ಕಪ್ಪು, ಕಾಲು ಎತ್ತೆತ್ತಿ ಹಾಕುವ ನಡಿಗೆ. ಆದರೆ ಕೂತರೆ ಕೂತಳು. ಕುಕ್ಕರಗಾಲಲ್ಲಿ ಅಷ್ಟು ಹೊತ್ತು ಅಲುಗದೆ ಕೂರುವ ಇನ್ನೊಬ್ಬ ಹೆಂಗಸನ್ನು ನಾನು ನೋಡಿಲ್ಲ. ಎಲೆಅಡಿಕೆಯ ಹಿತ್ತಾಳೆ ಡಬ್ಬಿಯೊಂದು ಸದಾ ಜೊತೆಗಿರುತ್ತಿತ್ತು. ಅದರ ಒಂದು ಖಾನೆಯಲ್ಲಿ ಅಡಿಕೆ, ಇನ್ನೊಂದರಲ್ಲಿ ಹಸಿಮಣ್ಣು, ಮಣ್ಣಿನಲ್ಲಿ ಎರೆಹುಳ. ಒಂದು ದಿನ ಕಚೇರಿಯ ಮೇಲಧಿಕಾರಿ ಗಿರ್ದಾವರರು ಅವರ ಮನೆಗೆ ಊಟಕ್ಕೆ ಬಂದು, ಉಂಡು, ಎಲೆ ಹಾಕಿಕೊಳ್ಳಲು ತಾವೇ ಡಬ್ಬಿ ತೆರೆದರಂತೆ. ಯಾವ ಖಾನೆ ತೆರೆದರೆಂದು ಹೇಳಬೇಕಿಲ್ಲ. ಇದನ್ನು ಆಕೆಯ ಗಂಡ ಓಣಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕು ಹೇಳಿದ. ನನ್ನ ಮನೆಯಲ್ಲಿ ಹಾಗಾಗಿದ್ದರೆ ಒಂದು ವಾರ ಅನ್ನ ಇಳಿಯುತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚು ಹೊಳೆಯ ಮೇಲೆ ಮಾತ್ರ ಅಲ್ಲ, ಆ ನಗುವಿನ ಮೇಲೂ ಇತ್ತು.

ಆಕೆಯ ಬಾಯಲ್ಲಿ ಒಂದೇ ಒಂದು ಮಾತು ಯಾವಾಗಲೂ ಇರುತ್ತಿತ್ತು: “ತಡಿ, ಮೊದಲ ಅದು ಉಣ್ಣಲಿ.” ಇದು ಗಾಳದ ಮಾತು. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಬಿಟ್ಟ ಬೆಂಡು ಅಲುಗಿದ ಕೂಡಲೇ ಎಳೆಯಬಾರದು, ಮೀನು ನುಂಗುವ ತನಕ ತಾಳಬೇಕು. ಆದರೆ ಆಕೆ ಅದನ್ನು ಎಲ್ಲದಕ್ಕೂ ಹೇಳುತ್ತಿದ್ದಳು. ಗಂಡ ಕಚೇರಿಯಿಂದ ಸಿಟ್ಟಾಗಿ ಬಂದರೆ, ತಡಿ, ಮೊದಲ ಉಣ್ಣಲಿ, ಆಮೇಲೆ ಕೇಳಿದರಾಯಿತು. ಮಕ್ಕಳು ಜಗಳಾಡಿ ಅಳುತ್ತ ಬಂದರೆ ಅವಕ್ಕೂ ಅದೇ. ನಾನು ಒಮ್ಮೆ ನಮ್ಮ ಮಾಸ್ತರರ ಮೇಲೆ ದೂರು ಹೇಳಿಕೊಂಡಾಗಲೂ ಅದನ್ನೇ ಹೇಳಿದಳು. ನನಗೆ ರೇಗಿತು. ನನ್ನ ಗಂಡ ಏನು ಮೀನೇ?

ಅಪ್ಪನಿಗೂ ಆಕೆಗೂ ಗುರುತಾದದ್ದು ಹೊಳೆದಂಡೆಯಲ್ಲಿ. ಕೆರೆಯ ನೀರು ಗೊತ್ತಿದ್ದವಳಿಗೆ ಹರಿಯುವ ನೀರು ಹೊಸದು. ಹರಗೋಲು ಕಟ್ಟುತ್ತಿದ್ದ ಮುದುಕನನ್ನು ಕಂಡು, ಇಲ್ಲಿ ಮೀನು ಎಲ್ಲಿ ನಿಲ್ಲುತ್ತದೆ ಕಾಕಾ ಎಂದು ಕೇಳಿದಳಂತೆ. ಅಷ್ಟೆ. ಮುಂದಿನ ಐತವಾರದಿಂದ ಅಪ್ಪ ಬಲೆ ಬಿಟ್ಟು ಆಕೆಯ ಪಕ್ಕಕ್ಕೆ ಕೂರಲು ಶುರು ಮಾಡಿದ. ಸಂಜೆ ಆಕೆ ಮನೆಗೆ ಬಂದು, ನಡುಗೋಡೆಗೆ ಕೈಯೂರಿ ನಿಂತು, ನನ್ನ ಅಪ್ಪನ ಸುದ್ದಿಯನ್ನು ನನಗೇ ಹೇಳುವಳು. ಹರೆಯದಲ್ಲಿ ಅಪ್ಪ ಮಹಾಪೂರದಲ್ಲಿ ಹರಗೋಲಿನಿಂದ ಬಿದ್ದು, ಈಜುತ್ತಿದ್ದ ಎಮ್ಮೆಯ ಬಾಲ ಹಿಡಿದು ದಂಡೆ ಸೇರಿದ್ದನಂತೆ. ಅವ್ವನನ್ನು ಮೊದಲು ನೋಡಿದ್ದು ಅದೇ ದಿನವಂತೆ, ಎಮ್ಮೆ ಅವ್ವನ ಮನೆಯದಂತೆ.

“ನಿನಗ ಗೊತ್ತಿರಬೇಕಲ್ಲ ತಂಗಿ,” ಅಂದಳು ಆಕೆ.

“ಗೊತ್ತದ. ನಾ ಸಣ್ಣಾಕಿ ಇದ್ದಾಗ ಹೇಳಿದ್ದ,” ಅಂದೆ.

ಹೇಳಿರಲಿಲ್ಲ. ಅಂದು ರಾತ್ರಿ ರೊಟ್ಟಿ ಸುಡುತ್ತ ಆ ಎಮ್ಮೆಯನ್ನು ನೆನೆಸಿ ನೆನೆಸಿ ಅತ್ತೆ. ಒಲೆಯ ಹೊಗೆ ಎಂದು ಮಕ್ಕಳಿಗೆ ಹೇಳಿದೆ.

ಇನ್ನೂ ದೊಡ್ಡದು ಮುಂದೆ ಕಾದಿತ್ತು. ಒಂದು ಸಂತೆಯ ದಿನ ಅಪ್ಪ ನನಗೆ ಮೀನು ಕೊಟ್ಟು ನೇರವಾಗಿ ಆಕೆಯ ಮನೆಯ ಅಂಗಳಕ್ಕೆ ಹೋದ. ಹೆಗಲ ಮೇಲೆ ಹಸಿ ಬಿದಿರಿತ್ತು. ನಾನು ಗೋಡೆಯ ಈಚೆ ನಿಂತು ನೋಡಿದೆ. ಅಪ್ಪ ಹುಲ್ಲಿನ ಬೆಂಕಿ ಮಾಡಿ, ಬಿದಿರನ್ನು ಕಾಯಿಸಿ, ಮೊಣಕಾಲಿಗೆ ಒತ್ತಿ, ಸೊಟ್ಟ ತೆಗೆದು, ಮತ್ತೆ ಕಾಯಿಸಿ, ಎಣ್ಣೆ ಸವರಿ, ಕಣ್ಣಿಗೆ ಹಿಡಿದು ನೋಡಿದ. ಜೋಳದ ದಂಟಿನ ಬೆಂಡನ್ನು ಕೊಯ್ದು ದಾರಕ್ಕೆ ಕಟ್ಟಿದ. ನಮ್ಮ ಮನೆಯ ಹೊಸ್ತಿಲು ದಾಟದವನು ಅವರ ಅಂಗಳದಲ್ಲಿ ಕಾಲು ಚಾಚಿ ಕೂತು, ರೊಟ್ಟಿ, ಪುಂಡಿಪಲ್ಯ ಉಂಡ. ಕೋಲು ಕೊಡುವಾಗ, “ಹಿಡಿ ಮಗಳಾ, ಇದು ನೀ ಸಾಯೋತನಕ ಬಾಳತದ,” ಅಂದ.

ಮಗಳಾ ಅಂದ. ನಾನು ಅಲ್ಲೇ ಗೋಡೆಯ ಈಚೆ ನಿಂತಿದ್ದೆ.

ನನಗೆ ಬಲೆ ದಾಟಬೇಡ ಎಂದವನು ಆಕೆಗೆ ಕೋಲು ಮಾಡಿಕೊಟ್ಟನಲ್ಲ, ಆ ನಿಯಮ ಎಲ್ಲಿ ಹೋಯಿತು ಎಂದು ಒಳಗೊಳಗೇ ಕುದಿದೆ. ಕೇಳಲಿಲ್ಲ. ಕೇಳಿದರೆ ಅಪ್ಪನ ಉತ್ತರ ಗೊತ್ತಿತ್ತು, ಗಾಳ ಬೇರೆ, ಬಲೆ ಬೇರೆ ಅನ್ನುತ್ತಿದ್ದ. ಗಾಳದ ಬಗ್ಗೆ ನಮ್ಮ ಹಿರಿಯರು ಯಾವ ನಿಯಮವನ್ನೂ ಮಾಡಿರಲಿಲ್ಲ, ಯಾಕೆಂದರೆ ಒಂದೊಂದೇ ಮೀನು ಹಿಡಿದು ಹೊಟ್ಟೆ ತುಂಬಿಸಲಾಗುತ್ತದೆಯೇ?

ಒಂದು ಸಲ ನಾನೂ ಹೋದೆ. ಮಾಸ್ತರರನ್ನು ತರಬೇತಿಗೆಂದು ಗುಲಬರ್ಗಕ್ಕೆ ಕರೆಸಿದ್ದರು. ಐತವಾರ ಬೆಳಿಗ್ಗೆ ಆಕೆ ಬಾಗಿಲಿಗೆ ಬಂದು, ಮಕ್ಕಳು ಮನೆಯಲ್ಲಿ ಬೇಯುತ್ತವೆ, ಬಾ ಅಂದಳು. ನನ್ನ ಮಕ್ಕಳಾಗಲೇ ಆಕೆಯ ಬುತ್ತಿಗೆ ಜೋತುಬಿದ್ದಿದ್ದವು. ಸಜ್ಜೆರೊಟ್ಟಿ, ಶೇಂಗಾಹಿಂಡಿ, ಉಳ್ಳಾಗಡ್ಡಿ ಕಟ್ಟಿಕೊಂಡು ಹೊರಟೆವು. ಮಾಘದ ಬಿಸಿಲು, ಹಿಂದೆ ಕೋಟೆಯ ಗುಡ್ಡ, ಮುಂದೆ ಬಂಡೆಗಳ ನಡುವೆ ತಿಳಿನೀರು. ಜಾಲಿಯ ನೆರಳಲ್ಲಿ ಆಕೆಯ ಗಂಡ ಮೂರು ಕಲ್ಲು ಹೂಡಿ ಚಹಾ ಕಾಯಿಸಿದ. ಗಂಡಸು ಮಾಡಿದ ಚಹಾ ನಾನು ಕುಡಿದದ್ದು ಅದೇ ಮೊದಲು. ಸಕ್ಕರೆ ಹೆಚ್ಚಾಗಿತ್ತು. ಮಕ್ಕಳು ಮೊಣಕಾಲು ನೀರಿನಲ್ಲಿ ಇಳಿದು ಕೂಗಾಡಿದರು. ನನ್ನ ಮಗ ಅಷ್ಟು ಜೋರಾಗಿ ನಗಬಲ್ಲನೆಂದು ನನಗೆ ಗೊತ್ತಿರಲಿಲ್ಲ.

ಅಪ್ಪ ಬಂದ. ನನ್ನನ್ನು ನೋಡಿ, ಮಾಸ್ತರ ಹೇಣ್ತಿ ಬಂದಾಳಲ್ಲ ಎಂದು ಹುಬ್ಬೇರಿಸಿ, ಆಕೆಯ ಪಕ್ಕಕ್ಕೆ ಹೋಗಿ ಕೂತ. ಆಕೆ ಕೋಲನ್ನು ನನ್ನ ಕೈಗೆ ಕೊಟ್ಟಳು. ಅಪ್ಪ ಮಾಡಿದ ಕೋಲು. ಹಗುರವಾಗಿತ್ತು, ನುಣುಪಾಗಿತ್ತು, ತುದಿಯಲ್ಲಿ ನೀರಿನ ಎಳೆತ ಬೆರಳಿಗೆ ಬರುತ್ತಿತ್ತು. ನಾನು ಉಸಿರು ಹಿಡಿದು ಕೂತೆ. ಇವಳಿಗಿಂತ ಚೆನ್ನಾಗಿ ಹಿಡಿಯುತ್ತೇನೆ, ನಾನು ಹೊಳೆಯವರ ಮಗಳು, ನನ್ನ ರಕ್ತದಲ್ಲಿದೆ ಎಂದುಕೊಂಡೆ. ಬೆಂಡು ಒಂದು ಸಲ ಅಲುಗಿತು. ಮರುಕ್ಷಣವೇ ಎರಡೂ ಕೈಯಿಂದ ಜಗ್ಗಿ ಎಳೆದೆ. ಗಾಳದ ಮುಳ್ಳು ಬರಿದಾಗಿ ಮೇಲೆ ಹಾರಿ, ಹಿಂದೆ ಚಹಾ ಸೋಸುತ್ತಿದ್ದ ಆಕೆಯ ಗಂಡನ ಟೋಪಿಗೆ ಸಿಕ್ಕಿ, ಟೋಪಿ ಜಾಲಿಯ ಕೊಂಬೆಗೆ ಏರಿತು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಟೋಪಿ ಕಳೆದುಕೊಂಡವನು ಎಲ್ಲರಿಗಿಂತ ಹೆಚ್ಚು ನಕ್ಕ. ಅಪ್ಪ ಕಣ್ಣೊರೆಸಿಕೊಳ್ಳುತ್ತ, “ಬಲಿಯವರ ಕೈ ಅದು. ಅಳ್ಳಾಡಿದ್ರ ಎಳೀತದ,” ಅಂದ.

ಸತ್ಯವೇ. ಬಲೆ ಹಾಕಿದ ಮನೆಯಲ್ಲಿ ಹಗ್ಗ ನಡುಗಿದರೆ ತಡ ಮಾಡುವಂತಿಲ್ಲ. ‘ಎಳಿ, ಎಳಿ’ ಎಂಬ ಅಪ್ಪನ ಕೂಗು ದಂಡೆಯಿಂದ ಕೇಳುತ್ತಲೇ ನಾನು ಬೆಳೆದವಳು. ಬಲೆ ಮುಟ್ಟದಿದ್ದರೂ ಆ ಕೂಗು ಕೈಗೆ ಇಳಿದಿತ್ತು. ಹಗ್ಗ ಎಳೆಯುವವರ ಮಗಳಿಗೆ ದಾರ ಬಿಡುವುದು ಹೇಗೆ ಬರಬೇಕು? ಮತ್ತೆ ಹಾಕಿದೆ, ಮತ್ತೆ ಎಳೆದೆ. ಪ್ರತಿ ಸಲವೂ ಅದೇ. ಆಕೆ ನನ್ನ ಮುಂಗೈ ಮೇಲೆ ಕೈಯಿಟ್ಟು, ತಡಿ ತಂಗಿ, ಮೊದಲ ಅದು ಉಣ್ಣಲಿ ಎಂದಳು. ನನ್ನ ಅಪ್ಪನ ಹೊಳೆಯಲ್ಲಿ, ನನ್ನ ಅಪ್ಪನ ಮುಂದೆ, ನನಗೆ. ಕೋಲನ್ನು ಆಕೆಯ ಮಡಿಲಿಗೆ ಹಾಕಿ ಎದ್ದುಬಿಟ್ಟೆ. ಅಂದು ಮಧ್ಯಾಹ್ನ ಆಕೆ ಮೊಳದುದ್ದದ ಬಾಳೆಮೀನು ಹಿಡಿದಳು. ಅಪ್ಪ ಚಪ್ಪಾಳೆ ಹೊಡೆದ. ಖಾರ ಹಚ್ಚಿ ಅದನ್ನು ಅಲ್ಲೇ ಕೆಂಡದ ಮೇಲೆ ಸುಟ್ಟು ಹಂಚಿದರು. ಹೊಟ್ಟೆಕಿಚ್ಚಿನಿಂದ ತಿಂದರೂ ಅಷ್ಟು ರುಚಿಯ ಮೀನು ನಾನು ಮತ್ತೆ ತಿಂದಿಲ್ಲ.

ಮಾಸ್ತರರು ತಿರುಗಿ ಬಂದ ಮೇಲೆ ಮಕ್ಕಳೇ ಎಲ್ಲ ಹೇಳಿದವು. ಅವರು ಕೂಗಾಡಲಿಲ್ಲ. ತಾಟು ಮುಂದಿಟ್ಟಾಗ, “ಸಾಲಿ ಕಲಿತ್ರೂ ಬಲಿ ಬಿಡಲಿಲ್ಲ ಅಂತ ಊರ ಮಂದಿ ಅನ್ನಬೇಕೇನು?” ಎಂದು ಕೇಳಿ ಉಣ್ಣದೆ ಎದ್ದರು. ಅಲ್ಲಿಗೆ ನನ್ನ ಐತವಾರ ಮುಗಿಯಿತು. ಮುಂದೆ ಪ್ರತಿ ವಾರ ಆಕೆ ಗೋಡೆಯ ಮೇಲಿನಿಂದ ಕರೆಯುವಳು, ಪ್ರತಿ ವಾರ ನನಗೆ ತಲೆನೋವು. ಅವರು ಜೋಡಿಯಾಗಿ ಹೋಗುವುದನ್ನು ಕಿಟಕಿಯಿಂದ ನೋಡುವೆ. ಸಂಜೆ ಬಿಸಿಲಿಗೆ ಕಪ್ಪಾಗಿ, ನಕ್ಕು ಸುಸ್ತಾಗಿ ಬರುವುದನ್ನೂ ನೋಡುವೆ. ಇವರ ಕೋಲು ಮುರಿಯಬಾರದೇ, ಹೊಳೆ ಬತ್ತಬಾರದೇ ಎಂದು ಅಂದುಕೊಂಡದ್ದುಂಟು. ಹೊಳೆ ಬತ್ತಿದರೆ ನನ್ನ ಅಪ್ಪನೇ ಉಪವಾಸ ಬೀಳುತ್ತಾನೆಂಬುದು ಆಮೇಲೆ ಹೊಳೆಯಿತು.

ಕೊನೆಗೆ ಹೊಳೆ ಬತ್ತಲಿಲ್ಲ, ರಾಜ್ಯವೇ ಒಡೆಯಿತು. ಹೈದರಾಬಾದ ಸಂಸ್ಥಾನವನ್ನು ಮೂರು ಪಾಲು ಮಾಡಿ, ನಮ್ಮ ಕಡೆಯನ್ನು ಮೈಸೂರಿಗೆ ಸೇರಿಸಿದರು. ನೌಕರದಾರರನ್ನೂ ಹಂಚಿದರು. ಆಕೆಯ ಗಂಡನ ಮನೆಮಾತು ತೆಲುಗು, ಅವನ ಪಾಲಿಗೆ ಹೈದರಾಬಾದು ಬಂತು. ಸುದ್ದಿ ಕೇಳಿದ ದಿನ ನಾನು ಸಂಜೆಯ ತನಕ ಹಾಡು ಗುನುಗಿದೆ. ಆಮೇಲೆ ಒಂದು ಆಸೆ ಹುಟ್ಟಿತು. ಅಷ್ಟು ಉದ್ದದ ಬಿದಿರನ್ನು ರೈಲಿನಲ್ಲಿ ಹೇಗೆ ಒಯ್ಯುತ್ತಾಳೆ, ನನಗೇ ಕೊಟ್ಟು ಹೋಗುತ್ತಾಳೆ ಎಂದು. ಬೀಸುಕಲ್ಲು ನನಗೆ ಕೊಟ್ಟಳು. ತುಳಸಿಯ ಗಿಡ, ಒನಕೆ, ಎರಡು ಮಣ್ಣಿನ ಹರವಿ ಕೊಟ್ಟಳು. ಕೋಲನ್ನು ಹಳೆ ಸೀರೆಯಲ್ಲಿ ಸುತ್ತಿ, ತುದಿಯಿಂದ ತುದಿಗೆ ದಾರ ಕಟ್ಟಿ, ಹೊತ್ತುಕೊಂಡು ಹೊರಟಳು.

ಟೇಶನ್ನಿಗೆ ನಾನೂ ಹೋದೆ, ಅಪ್ಪನೂ ಬಂದಿದ್ದ. ರೈಲುಡಬ್ಬಿಯ ಬಾಗಿಲಿನಲ್ಲಿ ಕೋಲು ಹಿಡಿಸಲಿಲ್ಲ. ಅಡ್ಡ ಹಿಡಿದರೆ ಮಂದಿ ಬೈದರು, ನೆಟ್ಟಗೆ ಹಿಡಿದರೆ ಸೂರಿಗೆ ಬಡಿಯಿತು. ಇನ್ನು ಬಿಟ್ಟೇ ಹೋಗುತ್ತಾಳೆ ಎಂದು ನಾನು ಕೈಚಾಚುವಷ್ಟರಲ್ಲಿ ಅಪ್ಪ ಓಡಿಹೋಗಿ, ಕಿಟಕಿಯ ಸಂದಿನಲ್ಲಿ ಅದನ್ನು ಮೆಲ್ಲಗೆ ಒಳಗೆ ತೂರಿಸಿದ. ಒಳಗಿನಿಂದ ಆಕೆ ಎಳೆದುಕೊಂಡಳು. ರೈಲು ಹೊರಟಾಗ ಆಕೆ ಅಳುತ್ತಿದ್ದಳು. ಅಪ್ಪನೂ. ನನಗೆ ಅಳು ಬರಲಿಲ್ಲ.

ಟೇಶನ್ನಿನ ಹೊರಗೆ ಬೇವಿನ ಕಟ್ಟೆಯ ಮೇಲೆ ಅಪ್ಪ ಮುಖ ಒರೆಸಿಕೊಳ್ಳುತ್ತ ಕೂತ. ಅಷ್ಟು ವರ್ಷ ನುಂಗಿದ್ದು ಅಲ್ಲಿ ಬಾಯಿಗೆ ಬಂತು.

“ನನಗ್ಯಾಕ ಒಂದ ಕೋಲ ಮಾಡಿಕೊಡಲಿಲ್ಲಪ್ಪಾ?”

ಅಪ್ಪ ನನ್ನ ಮುಖ ನೋಡಿದ. “ನೀ ಎಲ್ಲಿ ಕೇಳಿದಿ?” ಅಂದ. ಮತ್ತೆ ಹೇಳಿದ: “ಆಕಿ ಕೇಳಿದಳು. ನೀ ಗ್ವಾಡಿ ಆಚಿಗಿ ನಿಂತು ನೋಡತಿದ್ದಿ. ನೋಡತಿದ್ದಿ, ಒಳಗ ಹೋಗತಿದ್ದಿ. ಮಾಸ್ತರ ಹೇಣ್ತಿಗಿ ಹೊಳಿ ಬ್ಯಾಡಾಗೇದ ಅಂತ ನಾ ತಿಳಕೊಂಡೆ.”

ನಾನು ಗೋಡೆಯ ಈಚೆ ನಿಂತದ್ದನ್ನು ಅಪ್ಪ ನೋಡಿದ್ದ.

ಅಂದು ಮನೆಗೆ ಬಂದವಳು ಮಾಸ್ತರರನ್ನು ಕೇಳಲಿಲ್ಲ, ಹೇಳಿದೆ. ಬರುವ ಐತವಾರ ಮಕ್ಕಳನ್ನು ಕರೆದುಕೊಂಡು ಅಪ್ಪನ ಹತ್ತಿರ ಹೊಳೆಗೆ ಹೋಗುತ್ತೇನೆ, ಮಂದಿ ಏನಾದರೂ ಅನ್ನಲಿ ಎಂದೆ. ಅವರು ಪುಸ್ತಕದಿಂದ ತಲೆಯೆತ್ತಲಿಲ್ಲ. ಅಪ್ಪ ಅದೇ ಮೆಳೆಯ ಬಿದಿರು ಕಡಿದು ನನಗೊಂದು ಕೋಲು ಮಾಡಿಕೊಟ್ಟ. ಅಷ್ಟರಲ್ಲಿ ಅವನ ಕಣ್ಣು ಮಂಜಾಗಿತ್ತು, ನನ್ನ ಕೋಲಿನ ತುದಿ ತುಸು ಸೊಟ್ಟ. ಆಕೆಯದು ಬಾಣದ ಹಾಗೆ ನೆಟ್ಟಗಿತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಕೆಲವು ವಾರ ಕಳೆದ ಮೇಲೆ ಮಾಸ್ತರರೂ ಬಂದರು. ಹೊಳೆಯ ಕಡೆ ಬೆನ್ನು ಮಾಡಿ, ಬಂಡೆಯ ಮೇಲೆ ರುಮಾಲು ಹಾಸಿ, ಪತ್ರಿಕೆ ತೆರೆದು ಕೂತರು. ಯಾರಾದರೂ ಕೇಳಿದರೆ ಇಲ್ಲಿ ಗಾಳಿ ಚೆನ್ನಾಗಿದೆ, ಓದಲು ಬರುತ್ತೇನೆ ಅನ್ನುತ್ತಿದ್ದರು. ಸಾಯುವ ತನಕ ಹಾಗೇ ಬಂದರು. ಒಂದು ದಿನವೂ ಗಾಳ ಮುಟ್ಟಲಿಲ್ಲ, ಒಂದು ದಿನವೂ ಸುಟ್ಟ ಮೀನು ಬಿಡಲಿಲ್ಲ.

ಅಪ್ಪನ ಕೊನೆಯ ವರ್ಷಗಳೆಲ್ಲ ನನ್ನ ಪಕ್ಕದಲ್ಲೇ ಕಳೆದವು. ಎಮ್ಮೆಯ ಕತೆಯನ್ನು ನನಗೂ ಹೇಳಿದ, ಮೊದಲ ಸಲ ಕೇಳುವವಳ ಹಾಗೆ ಕೇಳಿದೆ. ಎಳೆಯುವ ಕೈಯನ್ನು ತಡೆಯಲು ಕಲಿತೆ, ಬಹಳ ತಡವಾಗಿ. ಆದರೂ ನನ್ನ ಗಾಳದಿಂದ ದೊಡ್ಡ ಮೀನು ತಪ್ಪಿಸಿಕೊಂಡಾಗಲೆಲ್ಲ ಅಪ್ಪ, ಆಕಿ ಇದ್ದಿದ್ರ ಬಿಡತಿರಲಿಲ್ಲ ಅನ್ನುವನು. ಹೋದವಳು ಹೋಗಿಯೂ ಹೋಗಿರಲಿಲ್ಲ. ಅಪ್ಪ ಸತ್ತ ಮೇಲೂ ಹೊಳೆದಂಡೆಯಲ್ಲಿ ಆಕೆ ನನ್ನ ಪಕ್ಕಕ್ಕೆ ಬಂದು ಕೂರುವಳು. ಹೈದರಾಬಾದಿನಲ್ಲಿ ಸಾಗರವೆಂದೇ ಹೆಸರಿಟ್ಟ ಕೆರೆಗಳಿವೆ ಎಂದು ಯಾರೋ ಹೇಳಿದ್ದರು. ಕೆರೆಯನ್ನೇ ಸಾಗರವೆಂದು ಕರೆಯುವ ಊರಿನಲ್ಲಿ ಮೀನು ಎಷ್ಟು ದೊಡ್ಡವೋ. ಆಕೆ ಅಲ್ಲಿ ನೆಟ್ಟಗಿನ ಕೋಲು ಹಿಡಿದು ಕೂತಿರುತ್ತಾಳೆ, ಗ್ಯಾರಂಟಿ. ಗಂಡ ಚಹಾ ಕಾಯಿಸುತ್ತಿರುತ್ತಾನೆ. ಬೆನ್ನು ಮಾಡಿ ಪತ್ರಿಕೆ ಓದುತ್ತಿರುವುದಿಲ್ಲ. ಇದನ್ನು ನೆನೆಸಿಕೊಂಡರೆ ಬುಟ್ಟಿ ತುಂಬ ಮೀನಿದ್ದರೂ ಮನಸ್ಸು ಹುಳಿಯಾಗುತ್ತಿತ್ತು. ಮೂವತ್ತು ವರ್ಷ ಹೀಗೆಯೇ ಉರಿದೆ.

ಕಳೆದ ತಿಂಗಳು ಬಂದ ಆ ಮಗಳಿಗೆ ಈಗ ತಲೆಯಲ್ಲಿ ಬಿಳಿಗೂದಲು. ಗುರುಮಠಕಲ್ಲಿಗೆ ಮದುವೆಗೆ ಬಂದವಳು ನಮ್ಮನ್ನು ನೋಡಿಹೋಗಲು ಯಾದಗಿರಿಗೆ ಇಳಿದಿದ್ದಳು. ಮರುದಿನ ಐತವಾರ. ರಾತ್ರಿ ಇರಿಸಿಕೊಂಡು, ಬೆಳಿಗ್ಗೆ ಮೊಮ್ಮಕ್ಕಳ ಜೊತೆ ಅವಳನ್ನೂ ಹೊಳೆಗೆ ಕರೆದೊಯ್ದೆ. ಜಾಲಿಯ ಗಿಡ ಈಗಿಲ್ಲ, ಬಂಡೆಗಳಿವೆ. ನನ್ನ ಸೊಟ್ಟ ಕೋಲು ಬಿಚ್ಚಿ ಗಾಳ ಹಾಕಿದೆ. ಅಷ್ಟು ದಿನ ಕೇಳಬೇಕೆಂದಿದ್ದದ್ದನ್ನು ಆಗ ಕೇಳಿದೆ. ನಿಮ್ಮವ್ವ ಅಲ್ಲಿ ಯಾವ ಸಾಗರಕ್ಕೆ ಹೋಗುತ್ತಿದ್ದಳು, ದೊಡ್ಡ ಮೀನು ಬೀಳುತ್ತಿದ್ದವೇ ಎಂದು.

ಆ ಮಗಳು ನನ್ನನ್ನು ವಿಚಿತ್ರವಾಗಿ ನೋಡಿದಳು.

“ಎಲ್ಲಿ ಹೋಗೋದು, ಚಿಕ್ಕವ್ವಾ? ನಾವು ಇಲ್ಲಿಂದ ಹೈದರಾಬಾದಿಗಿ ಹೋದ ಮೊದಲನೇ ವರ್ಷಾನೇ ಒಂದ ಸಲ ಅಪ್ಪ ಕರಕೊಂಡು ಹೋಗಿದ್ದ. ಕುಡಿಯೋ ನೀರು ಅಂತ ಪಹರೆಯವ ಎಬ್ಬಿಸಿ ಕಳಿಸಿದ. ಆಮ್ಯಾಲೆ ಅಪ್ಪಗ ಲಕ್ವಾ ಹೊಡೀತು. ಅವ್ವ ಮತ್ತ ನೀರ ಕಡಿಗಿ ಹೋಗಲೇ ಇಲ್ಲ.”

ಅಲ್ಲಿ ಅವರದು ಗಲ್ಲಿಯೊಳಗೆ ಮಾಳಿಗೆಯ ಮೇಲಿನ ಎರಡು ಖೋಲಿಯಂತೆ. ಗಂಡ ಹಾಸಿಗೆಯಲ್ಲಿ. ಆಕೆ ಅಷ್ಟು ವರ್ಷ ಅವನನ್ನು ತೊಳೆದು, ಬಳಿದು, ಉಣಿಸಿ ಕಳೆದಳಂತೆ. ಮತ್ತೆ ಕೋಲು, ನನ್ನ ಅಪ್ಪನ ಕೋಲು ಏನಾಯಿತು ಎಂದೆ. ನನ್ನ ದನಿ ನನಗೇ ಸಿಟ್ಟಿನ ದನಿಯಂತೆ ಕೇಳಿಸಿತು.

ಅದು ಇತ್ತಂತೆ, ಕೊನೆಯತನಕ. ಖೋಲಿಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡ ಕಟ್ಟಿ ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರಂತೆ. ಗಂಡನ ಬಟ್ಟೆ ದಿನಕ್ಕೆ ಎಷ್ಟೋ ಸಲ ತೊಳೆಯಬೇಕಿತ್ತಲ್ಲ. ಗಾಳಿಗೆ ಬಟ್ಟೆ ಅಲುಗಾಡಿದರೆ ಆಕೆ ಹಾಸಿಗೆಯಲ್ಲಿದ್ದವನ ಕಡೆ ನೋಡಿ, ತಡಿ, ಮೊದಲ ಅದು ಉಣ್ಣಲಿ ಅನ್ನುತ್ತಿದ್ದಳಂತೆ. ಅವನು ಅರ್ಧ ಬಾಯಿಯಲ್ಲಿ ನಗುತ್ತಿದ್ದನಂತೆ.

ನಾನು ನೀರನ್ನೇ ನೋಡುತ್ತ ಕೂತೆ. ಸಾಗರ, ದೊಡ್ಡ ಮೀನು, ಚಹಾದ ಒಲೆ, ಎಲ್ಲವನ್ನೂ ನಾನೇ ಕಟ್ಟಿ, ನಾನೇ ಅದನ್ನು ನೋಡಿ ಉರಿದಿದ್ದೆ. ಆ ಮಗಳು ಇನ್ನೂ ಹೇಳುತ್ತಿದ್ದಳು.

“ಐತವಾರ ಬಟ್ಟಿ ಒಣಹಾಕುವಾಗ ಮಾತ್ರ ಅವ್ವ ಒಂದ ಮಾತು ಅಂತಿದ್ದಳು. ಈಗ ಯಾದಗಿರ್ಯಾಗ ನಮ್ಮ ತಂಗಿ ಹೊಳಿ ದಂಡಿಗಿ ಕುಂತಿರತಾಳ ನೋಡು, ಅವರಪ್ಪನ ಬಾಜೂಕ. ಪುಣ್ಯವಂತಿ.”

ಹೌದು, ಕೂತಿದ್ದೆ. ಆಕೆ ಹಾಗೆ ಅನ್ನುತ್ತಿದ್ದ ಪ್ರತಿ ಐತವಾರವೂ ನಾನು ಇದೇ ಬಂಡೆಯ ಮೇಲೆ, ಮೊದಲು ಅಪ್ಪನ ಪಕ್ಕದಲ್ಲಿ, ಆಮೇಲೆ ಮಕ್ಕಳ, ಮೊಮ್ಮಕ್ಕಳ ನಡುವೆ ಕೂತೇ ಇದ್ದೆ. ಕೂತು ಆಕೆಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ.

“ಚಿಕ್ಕವ್ವಾ, ಬೆಂಡು ಮುಳುಗೇದ ನೋಡು,” ಅಂದಳು ಮಗಳು. ಅವಳು ಹೇಳುವ ತನಕ ನನಗೆ ಕಂಡಿರಲಿಲ್ಲ.